1983ರ ಜೂನ್ 25: ಹಳೆ ಮದ್ರಾಸು ರಸ್ತೆಯ ಒಂದು ಶನಿವಾರ

ಹಳೆಯ ಬೆಲೆಪಟ್ಟಿಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ದೋಸೆ ಇಷ್ಟು, ಸಿನಿಮಾ ಟಿಕೆಟ್ ಇಷ್ಟು, ಚಿನ್ನ ಇಷ್ಟು, ಕೊನೆಗೆ ‘ಆ ಕಾಲವೇ ಚೆಂದ’ ಎಂಬ ಒಂದು ಸಾಲು. ಆ ಕಾಲ ಎಂದರೆ ಯಾವ ಕಾಲ, ಯಾರ ಕಾಲ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಒಂದೇ ದಿನವನ್ನು, ಒಂದೇ ರಸ್ತೆಯನ್ನು ಹಿಡಿದು ನೋಡೋಣ. ದಿನ 1983ರ ಜೂನ್ 25, ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿದ ಶನಿವಾರ. ರಸ್ತೆ ಬೆಂಗಳೂರಿನ ಹಲಸೂರಿನಿಂದ ಹೊರಟು ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರಕ್ಕೆ ಹೋಗುವ ಹಳೆ ಮದ್ರಾಸು ರಸ್ತೆ. ಟಿನ್ ಫ್ಯಾಕ್ಟರಿಗಿಂತ ಮುಂಚೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ದಾಟಿದರೆ ದೂರವಾಣಿನಗರದ ಐಟಿಐ. ಈ ಕಾರ್ಖಾನೆಗಳ ಸಂಬಳದ ಮೇಲೆ ಬದುಕಿದ ಮನೆಗಳ ಕಷ್ಟವನ್ನು ಆ ಬೆಲೆಪಟ್ಟಿಗಳು ಅಳಿಸಿಹಾಕುತ್ತವೆ ಎಂಬುದೇ ನನ್ನ ತಕರಾರು.

ತಪ್ಪು ಕಲ್ಪನೆ: ಆಗ ಎಲ್ಲವೂ ಅಗ್ಗವಾಗಿತ್ತು.

ವಾಸ್ತವ: ಬೆಲೆಯ ಅಂಕಿ ಚಿಕ್ಕದಿತ್ತು, ಅಷ್ಟೇ. ಕೈಗೆ ಬರುತ್ತಿದ್ದ ಸಂಬಳದ ಅಂಕಿಯೂ ಚಿಕ್ಕದೇ. ಇವೆರಡನ್ನೂ ಒಟ್ಟಿಗೆ ಅಳೆಯಲು ನಮ್ಮ ದೇಶದಲ್ಲಿ ಒಂದು ಒಳ್ಳೆಯ ಸಾಧನವಿದೆ. ಅದು ಕೇಂದ್ರ ಕಾರ್ಮಿಕ ಬ್ಯೂರೊ ತಯಾರಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಕಾರ್ಖಾನೆಯವರ ತುಟ್ಟಿಭತ್ಯೆ ಏರುತ್ತಿದ್ದುದು ಇದರ ಲೆಕ್ಕದಲ್ಲೇ, ಆದ್ದರಿಂದ ಈ ರಸ್ತೆಯ ಮನೆಗಳಿಗೆ ಇದು ಬರೀ ಅರ್ಥಶಾಸ್ತ್ರವಲ್ಲ, ತಿಂಗಳ ಪಗಾರದ ಒಂದು ಸಾಲು. 1960ರಲ್ಲಿ 100 ಎಂದು ಹಿಡಿದಿದ್ದ ಹಳೆಯ ಸೂಚ್ಯಂಕವನ್ನು 1982ರ ಹೊಸ ಸರಣಿಗೆ ಜೋಡಿಸುವಾಗ ಬಳಸಿದ ಗುಣಕ 4.93. ಅಂದರೆ 1960ರಲ್ಲಿ ₹100ಕ್ಕೆ ಬರುತ್ತಿದ್ದ ಮನೆಸಾಮಾನಿಗೆ 1982ರಲ್ಲಿ ₹493 ಕೊಡಬೇಕಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಸುಮಾರು ಐದು ಪಟ್ಟು. ನಾವು ಇವತ್ತು ಅಗ್ಗದ ಕಾಲ ಎನ್ನುವ 1983ರಲ್ಲಿ ಬದುಕಿದ್ದವರು, ತಮ್ಮ ಕಣ್ಣೆದುರೇ ಬೆಲೆ ಐದು ಪಟ್ಟಾದದ್ದನ್ನು ಕಂಡವರು.

ಅದೇ ಸೂಚ್ಯಂಕವನ್ನು ಮುಂದಕ್ಕೆ ಎಳೆದರೆ 1982ರಿಂದ 2001ಕ್ಕೆ ಗುಣಕ 4.63, ಅಲ್ಲಿಂದ 2016ಕ್ಕೆ 2.88. ಅದರ ನಂತರದ ಏರಿಕೆಯನ್ನೂ ಸೇರಿಸಿದರೆ ಅಂದಿನ ₹1 ಇಂದಿನ ₹19ರ ಆಸುಪಾಸು. ಈಗ ಪಟ್ಟಿಯನ್ನು ಮತ್ತೆ ಓದಿ. ಪೋಸ್ಟ್ ಕಾರ್ಡಿಗೆ 15 ಪೈಸೆ ಇತ್ತು, ಇಂದಿನ ಲೆಕ್ಕದಲ್ಲಿ ಸುಮಾರು ₹2.85. ಇವತ್ತು ಅಂಚೆ ಕಚೇರಿಯಲ್ಲಿ ಕಾರ್ಡು 50 ಪೈಸೆಗೆ ಸಿಗುತ್ತದೆ, ಅಂದರೆ ಅಂದೇ ತುಟ್ಟಿ. ಆ ವರ್ಷದ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಬೆಲೆ ₹47,500ರ ಹತ್ತಿರ, ಇಂದಿನ ₹9 ಲಕ್ಷಕ್ಕೆ ಸಮ. ಅಷ್ಟು ಹಣಕ್ಕೆ ಈಗ ಅದಕ್ಕಿಂತ ಎಷ್ಟೋ ದೊಡ್ಡ ಕಾರು ಬರುತ್ತದೆ. ಚಿನ್ನ ಮಾತ್ರ ಬೇರೆ ದಾರಿ ಹಿಡಿದಿದೆ. ಆಗ ಹತ್ತು ಗ್ರಾಂಗೆ ₹1,800ರ ಆಸುಪಾಸು ಇತ್ತು, ಹತ್ತೊಂಬತ್ತರಿಂದ ಗುಣಿಸಿದರೆ ₹34,000 ದಾಟುತ್ತದೆ. ಇಂದಿನ ದರ ಲಕ್ಷ ಮೀರಿದೆ. ಚಿನ್ನವೊಂದನ್ನೇ ತೋರಿಸಿ ಇಡೀ ಕಾಲವನ್ನು ಅಗ್ಗ ಎನ್ನುವುದು ಲೆಕ್ಕವಾಗುವುದಿಲ್ಲ.

ಅಕ್ಕಿಯ ಮಾತು ಇನ್ನೂ ಸ್ಪಷ್ಟ. ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅದೇ 1983ರ ಜನವರಿಯಲ್ಲಿ ಅಧಿಕಾರಕ್ಕೆ ಬಂದಾಗ ಅವರ ದೊಡ್ಡ ಭರವಸೆ ಕಿಲೋಗೆ ಎರಡು ರೂಪಾಯಿ ಅಕ್ಕಿ. ಅಂಗಡಿಯಲ್ಲೇ ಆ ದರಕ್ಕೆ ಸಿಗುತ್ತಿದ್ದರೆ ಅದಕ್ಕಾಗಿ ಯಾರೂ ಓಟು ಹಾಕುತ್ತಿರಲಿಲ್ಲ. ಬಡವರಿಗೆ ಅಕ್ಕಿ ಅಂದೂ ಭಾರವೇ ಆಗಿತ್ತು.

ನಮ್ಮ ರಸ್ತೆಯಲ್ಲಂತೂ ಇದಕ್ಕೆ ಬೇರೆ ಸಾಕ್ಷಿ ಬೇಡ. 1980ರ ಡಿಸೆಂಬರ್ ಕೊನೆಯಲ್ಲಿ ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಂಬ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಜನ, 77 ದಿನ. ಅಂಥದ್ದೇ ಉದ್ದಿಮೆಯಾದ ಬಿಎಚ್‌ಇಎಲ್‌ನವರಿಗೆ ಕೊಡುವ ಸಂಬಳವನ್ನೇ ನಮಗೂ ಕೊಡಿ ಎಂಬುದು ಅವರ ಬೇಡಿಕೆ. ಎಪ್ಪತ್ತೇಳು ದಿನ ಪಗಾರವಿಲ್ಲದೆ ಸಂಸಾರ ನಡೆಸುವುದು ಎಂದರೇನು ಎಂದು ಯೋಚಿಸಿ. ದಿನಸಿ ಅಂಗಡಿಯ ಸಾಲ, ಅಡವಿಟ್ಟ ಒಡವೆ, ಮುಂದೆ ಹೋದ ಶಾಲೆಯ ಫೀಸು. ವಿಶ್ವಕಪ್ಪಿನ ಆ ಶನಿವಾರ ಬರುವಾಗ ಇದೆಲ್ಲ ಮುಗಿದು ಎರಡು ವರ್ಷವಷ್ಟೇ ಕಳೆದಿತ್ತು. ಆ ಮನೆಗಳ ಮುಂದೆ ನಿಂತು ‘ಅಗ್ಗದ ಕಾಲ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ತಪ್ಪು ಕಲ್ಪನೆ: ಕೈಯಲ್ಲಿ ದುಡ್ಡಿದ್ದರೆ ಬೇಕಾದ್ದು ಸಿಗುತ್ತಿತ್ತು.

ವಾಸ್ತವ: ದುಡ್ಡಿನ ಜೊತೆ ಇನ್ನೊಂದು ಬೆಲೆ ತೆರಬೇಕಿತ್ತು. ಅದು ಕಾಯುವುದು. ಯಾವ ಪಟ್ಟಿಯಲ್ಲೂ ಇದಕ್ಕೆ ಸಾಲಿಲ್ಲ. ಬಜಾಜ್ ಸ್ಕೂಟರ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾದರು. ಗ್ಯಾಸ್ ಸಂಪರ್ಕಕ್ಕೂ ಸರದಿ, ಸೀಮೆಎಣ್ಣೆಗೂ ಸಾಲು. ಮಾರುತಿಗೆ ಆ ಏಪ್ರಿಲ್ ಮತ್ತು ಜೂನ್ ನಡುವೆ ಬುಕಿಂಗ್ ನಡೆದು 1.35 ಲಕ್ಷ ಜನ ತಲಾ ₹10,000 ಕಟ್ಟಿದ್ದರು. ಅಂದರೆ ನಾವು ಹಿಡಿದಿರುವ ಶನಿವಾರ, ಇನ್ನೂ ಒಂದು ಗಾಡಿಯೂ ಗಿರಾಕಿಯ ಕೈಸೇರದ ಕಾರಿಗೆ ಅಷ್ಟು ಜನ ಹಣ ಕೊಟ್ಟು ಕೂತಿದ್ದರು.

ಟೆಲಿಫೋನಿನ ವಿಷಯ ಈ ರಸ್ತೆಗೆ ಬಹಳ ಹತ್ತಿರದ್ದು. 1948ರಲ್ಲಿ ಶುರುವಾದ ಐಟಿಐಯಿಂದ ದೇಶದ ಮೂಲೆ ಮೂಲೆಗೆ ಫೋನು ಹೋಗುತ್ತಿತ್ತು. ಬೆರಳು ಹಾಕಿ ತಿರುಗಿಸುವ ಆ ಕಪ್ಪು ಫೋನನ್ನು ಜೋಡಿಸಿದ ಕೈಗಳ ಮನೆಯಲ್ಲಿ ಮಾತ್ರ ಸಾಮಾನ್ಯವಾಗಿ ಫೋನು ಇರುತ್ತಿರಲಿಲ್ಲ. ಕೊರತೆ ಉಪಕರಣದ್ದಷ್ಟೇ ಅಲ್ಲ. ಎಕ್ಸ್‌ಚೇಂಜಿನಲ್ಲಿ ಜಾಗ ಬೇಕು, ಮನೆಯ ತನಕ ಕೇಬಲ್ ಬರಬೇಕು, ಅದಕ್ಕೆ ಸರ್ಕಾರ ಹಣ ಇಡಬೇಕು. ದೆಹಲಿಯ ಕಣ್ಣಿಗೆ ಆಗ ದೂರವಾಣಿ ಎಂದರೆ ಉಳ್ಳವರ ಸೌಕರ್ಯ. ಹೀಗಾಗಿ ಊರಿಗೆ ತುರ್ತು ಸುದ್ದಿ ಮುಟ್ಟಿಸಬೇಕಾದರೆ ತಂತಿ, ಇಲ್ಲವೇ ಟ್ರಂಕ್ ಕಾಲ್. ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕೂರಬೇಕು, ಅರ್ಜೆಂಟ್ ಎಂದರೆ ದರ ಇಮ್ಮಡಿ. ಹಳ್ಳಿಗಳಿಗೂ ಹೊಂದುವ ಎಕ್ಸ್‌ಚೇಂಜ್ ರೂಪಿಸಿದ ಸಿ-ಡಾಟ್ ಸಂಸ್ಥೆ ಹುಟ್ಟಿದ್ದು ಮರುವರ್ಷ, 1984ರಲ್ಲಿ. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬೀದಿಗೊಂದು ಬಂದದ್ದು ಅದಕ್ಕಿಂತಲೂ ಈಚೆಗೆ.

ತಪ್ಪು ಕಲ್ಪನೆ: ಆ ರಾತ್ರಿ ಇಡೀ ಊರು ಟೀವಿ ಮುಂದೆ ಕೂತಿತ್ತು.

ವಾಸ್ತವ: ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಎರಡು ವರ್ಷವೂ ತುಂಬಿರಲಿಲ್ಲ. ಮಹಡಿಯ ಮೇಲೆ ಆಂಟೆನಾ ಕಂಡರೆ ಆ ಮನೆಯ ಗುರುತೇ ಬೇರೆ. ಫೈನಲ್ ನೋಡಿದವರು ಹೆಚ್ಚಾಗಿ ಪರರ ಮನೆಯಲ್ಲಿ, ನೆಲದ ಮೇಲೆ, ಕಿಟಕಿಯ ಹೊರಗೆ ನಿಂತು ನೋಡಿದವರು. ಅವರಿಗಿಂತ ಎಷ್ಟೋ ಹೆಚ್ಚು ಜನ ಆಟವನ್ನು ಕೇಳಿದರು. ಕೈಯಲ್ಲಿ ಹಿಡಿವ ಟ್ರಾನ್ಸಿಸ್ಟರ್ ಆ ದಿನದ ನಿಜವಾದ ಪರದೆ. ಆಟ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಶುರುವಾಗಿ ನಡುರಾತ್ರಿಯ ಹತ್ತಿರ ಮುಗಿಯಿತು. ತಂಡಕ್ಕೆ ಅರವತ್ತು ಓವರಿನ ಆಟ ಅದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಆ ದಿನಗಳನ್ನು ನೆನೆಯುವಾಗ ‘ಹಮ್ ಲೋಗ್’, ‘ರಾಮಾಯಣ’, ‘ಮಾಲ್ಗುಡಿ ಡೇಸ್’ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ‘ಹಮ್ ಲೋಗ್’ ಶುರುವಾದದ್ದು 1984ರ ಜುಲೈನಲ್ಲಿ, ‘ರಾಮಾಯಣ’ 1987ರ ಜನವರಿಯಲ್ಲಿ. ಶಂಕರ್ ನಾಗ್ ಅವರ ಮಾಲ್ಗುಡಿಯೂ ಇನ್ನೂ ಮುಂದಿತ್ತು. 1983ರ ಜೂನಿನಲ್ಲಿ ಇವು ಯಾವುವೂ ಇರಲಿಲ್ಲ.

ತಪ್ಪು ಕಲ್ಪನೆ: ಆ ವಿಶ್ವಕಪ್ ಕಪಿಲ್ ಒಬ್ಬರದೇ, ಬೆಂಗಳೂರಿಗೆ ಅದರಲ್ಲಿ ಪಾಲಿಲ್ಲ.

ವಾಸ್ತವ: ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದವರು ನಮ್ಮ ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ರೋಜರ್ ಬಿನ್ನಿ, ಒಟ್ಟು 18. ಆಸ್ಟ್ರೇಲಿಯಾವನ್ನು 129ಕ್ಕೆ ಕಟ್ಟಿಹಾಕಿದ ಪಂದ್ಯದಲ್ಲಿ ಅವರದು ನಾಲ್ಕು ವಿಕೆಟ್. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಔಟಾದದ್ದು ಬಿನ್ನಿ ಬೌಲಿಂಗಿನಲ್ಲಿ, ಕಪಿಲ್ ಹಿಡಿದ ಕ್ಯಾಚಿಗೆ.

ಜಿಂಬಾಬ್ವೆ ವಿರುದ್ಧ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ಹೊಡೆದ 175ನ್ನು ಎಲ್ಲರೂ ಹೇಳುತ್ತಾರೆ. ಆ ಆಟದ ಚಿತ್ರಣವೇ ಉಳಿದಿಲ್ಲವಾದ್ದರಿಂದ ಅದು ಬಾಯಿಂದ ಬಾಯಿಗೆ ಬೆಳೆದ ಕಥೆಯೂ ಹೌದು. ಆದರೆ ಇನ್ನೊಂದು ತುದಿಯಲ್ಲಿ ನಿಂತವರು ಯಾರು? ಬೆಂಗಳೂರಿನ ಸಯ್ಯದ್ ಕಿರ್ಮಾನಿ. 17ಕ್ಕೆ ಐದು ವಿಕೆಟ್ ಬಿದ್ದ ಪಂದ್ಯವದು. ಎಂಟನೆಯದು ಬಿದ್ದಾಗ ಸ್ಕೋರು 140. ಅಲ್ಲಿಂದ ಔಟಾಗದೆ ಉಳಿದ ಜೋಡಿ 126 ರನ್ ಸೇರಿಸಿತು, ಕಿರ್ಮಾನಿಯವರ ಪಾಲು 24. ಅವರು ನಿಲ್ಲದಿದ್ದರೆ 175 ಇರುತ್ತಿರಲಿಲ್ಲ, 175 ಇರದಿದ್ದರೆ ಜೂನ್ 25ಕ್ಕೆ ನಾವು ಲಾರ್ಡ್ಸ್‌ನಲ್ಲಿ ಇರುತ್ತಿದ್ದೆವೋ ಇಲ್ಲವೋ. ಗೆದ್ದ ತಂಡಕ್ಕೆ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿದ ಮೇಲೆ ಆಟಗಾರರಿಗೆ ತಲಾ ಲಕ್ಷ ರೂಪಾಯಿ ಬಂತು.

ತಪ್ಪು ಕಲ್ಪನೆ: ದಂಡು ಪ್ರದೇಶ ಎಂದರೆ ಇಂಗ್ಲಿಷ್ ಮತ್ತು ತಮಿಳು, ಕನ್ನಡವೇನಿದ್ದರೂ ಪೇಟೆ ಕಡೆ.

ವಾಸ್ತವ: ಲಿಡೊ, ಪ್ಲಾಜಾ, ರೆಕ್ಸ್‌ಗಳಲ್ಲಿ ಇಂಗ್ಲಿಷ್ ಚಿತ್ರ ಓಡುತ್ತಿತ್ತು, ಶಿವಾಜಿನಗರ, ಹಲಸೂರಿನಲ್ಲಿ ತಮಿಳು, ಉರ್ದು ಧಾರಾಳವಾಗಿ ಕೇಳುತ್ತಿತ್ತು. ಅದು ನಿಜ, ಅದು ಈ ಕಡೆಯ ಸಿರಿ ಕೂಡ. ಆದರೆ ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೆ.ಆರ್. ಪುರ ಕನ್ನಡದ ಹಳ್ಳಿಗಳೇ. ಕೋಲಾರ, ತುಮಕೂರು, ಮಂಡ್ಯ ಕಡೆಗಳಿಂದ ಕೆಲಸಕ್ಕೆ ಬಂದವರು ಕಾರ್ಖಾನೆಯೊಳಗೆ ಕನ್ನಡ ಸಂಘ ಕಟ್ಟಿ, ನವೆಂಬರ್ ತುಂಬ ನಾಟಕ, ಕವಿಗೋಷ್ಠಿ ನಡೆಸಿದರು. ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ. ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ನಟ ರಾಜ್‌ಕುಮಾರ್ ಧುಮುಕಿದ 1982ರ ಬಿಸಿ ಆರಿರಲಿಲ್ಲ, ಮರುವರ್ಷ ಅವರಿಗೆ ಪದ್ಮಭೂಷಣ ಬಂತು, ‘ಕವಿರತ್ನ ಕಾಳಿದಾಸ’ ತೆರೆಕಂಡಿತು. ಕೆಲಸದಲ್ಲಿ ಕನ್ನಡಿಗರಿಗೆ ಎಷ್ಟು ಪಾಲು ಎಂಬ ಪ್ರಶ್ನೆಗೆ ರಾಮಕೃಷ್ಣ ಹೆಗಡೆ ಸರ್ಕಾರ ಸರೋಜಿನಿ ಮಹಿಷಿ ಸಮಿತಿ ನೇಮಿಸಿದ್ದೂ ಅದೇ 1983ರಲ್ಲಿ. ಅಂತಿಮ ವರದಿ 1986ಕ್ಕೆ ಬಂತು.

ತಪ್ಪು ಕಲ್ಪನೆ: ಐಟಿ ಕಂಪನಿಗಳು ಬರುವ ತನಕ ಬೆಂಗಳೂರು ನೆಮ್ಮದಿಯ ಸಣ್ಣ ಊರಾಗಿತ್ತು.

ವಾಸ್ತವ: ಜನಗಣತಿ ಇದನ್ನು ಒಪ್ಪುವುದಿಲ್ಲ. 1971ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ. 1981ಕ್ಕೆ 29.2 ಲಕ್ಷ. ಹತ್ತೇ ವರ್ಷದಲ್ಲಿ ಶೇಕಡಾ 76ರಷ್ಟು ಏರಿಕೆ. ಮುಂದಿನ ದಶಕದ ಏರಿಕೆ ಶೇಕಡಾ 41 ಮಾತ್ರ. ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದದ್ದು 1983ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ. ಅವು ಬರುವ ಮೊದಲೇ ಊರು ಹಿಗ್ಗಿತ್ತು. ಅದರಲ್ಲಿ ದೊಡ್ಡ ಪಾಲು ಈ ಸೈರನ್ ಕೂಗುವ ಕಾರ್ಖಾನೆಗಳದು, ಅವುಗಳ ಬೆನ್ನಿಗೆ ಹುಟ್ಟಿದ ಸಣ್ಣ ವರ್ಕ್‌ಶಾಪುಗಳದು. ಪಾಳಿ ಬಿಡುವ ಹೊತ್ತಿಗೆ ಹಳೆ ಮದ್ರಾಸು ರಸ್ತೆಯಲ್ಲಿ ಸೈಕಲ್ಲುಗಳ ಹೊಳೆ, ಕಂಪನಿ ಬಸ್ಸುಗಳು, ನಿಲ್ಲಲು ಜಾಗವಿಲ್ಲದ ಕೆಂಪು ಬಿಟಿಎಸ್ ಬಸ್ಸು.

ಇವತ್ತಿನ ಟಿನ್ ಫ್ಯಾಕ್ಟರಿ ಜಂಕ್ಷನ್ ಮಾತ್ರ ಆಗ ಇರಲಿಲ್ಲ. ಹೊರವರ್ತುಲ ರಸ್ತೆ ಇನ್ನೂ ಬಂದಿರಲಿಲ್ಲ, ತೂಗುಸೇತುವೆ 2003ರದು, ಮೆಟ್ರೊ ಬೈಯಪ್ಪನಹಳ್ಳಿಗೆ 2011ರಲ್ಲಿ ಬಂದು ಅಲ್ಲಿಂದ ಕೆ.ಆರ್. ಪುರ ಮುಟ್ಟಲು 2023 ಆಯಿತು. ಕೆ.ಆರ್. ಪುರ, ಮಹದೇವಪುರ ಮಹಾನಗರದೊಳಗೆ ಸೇರಿದ್ದೂ 2007ರಲ್ಲಿ. ಎನ್‌ಜಿಇಎಫ್ ಅಷ್ಟರಲ್ಲಿ, 2002ರಲ್ಲೇ, ಬಾಗಿಲು ಹಾಕಿತ್ತು.