ಮಲೆಯ ಮೇಲಣ ರಾಜಧಾನಿ

ವಿದ್ಯಾರಣ್ಯಪುರಂನ ಮಹಡಿಗಳಿಂದ ಚಾಮುಂಡಿಬೆಟ್ಟದ ನೆತ್ತಿಯನ್ನು ನೋಡುವವರು, ಅದಕ್ಕಿಂತಲೂ ತುಸು ಎತ್ತರದಲ್ಲಿ ಒಂದು ರಾಜಧಾನಿಯಿದ್ದಿತೆಂದು ಕಲ್ಪಿಸಿಕೊಳ್ಳಲಿ. ಅದೇ ಮಡಿಕೇರಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್. ದಕ್ಷಿಣ ಅಮೆರಿಕದ ಲಾ ಪಾಸ್ ನಗರ ಇದರ ಮೂರು ಪಟ್ಟು ಎತ್ತರದಲ್ಲಿದ್ದು, ಹೊಸಬರಿಗೆ ಅಲ್ಲಿ ಉಸಿರಾಟವೇ ಪ್ರಯಾಸವಾಗುತ್ತದೆ. ಮಡಿಕೇರಿಗೆ ಹೋಗುವವರಿಗೆ ಉಣ್ಣೆಯ ಶಾಲೊಂದು ಸಾಕು.

ಮೈಸೂರಿನಿಂದ ಸುಮಾರು 120 ಕಿಲೋಮೀಟರು. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದ ಮೇಲೆ ದಾರಿ ಕಾಫಿತೋಟಗಳ ನಡುವೆ ಏರತೊಡಗುತ್ತದೆ. ಪ್ರವಾಸಿಗರಲ್ಲಿ ಬಹುಮಂದಿ ನೆಟ್ಟಗೆ ರಾಜಾಸೀಟಿಗೆ ಹೋಗಿ, ಮಂಜನ್ನು ಕಂಡು, ಜೇನು ಕಾಫಿಪುಡಿಗಳನ್ನು ಕೊಂಡು ಹಿಂದಿರುಗುತ್ತಾರೆ. ಆ ಪೀಠದಲ್ಲಿ ಕುಳಿತಿದ್ದ ರಾಜರೇನಾದರೆಂದು ಕೇಳುವವರು ವಿರಳ.

ಕೇಳಬೇಕಾದವರು ಕೋಟೆಗೆ ಹೋಗಬೇಕು. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ಇಲ್ಲಿ ರಾಜಧಾನಿಯನ್ನು ನೆಲೆಗೊಳಿಸಿದನು. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತೆನ್ನುತ್ತಾರೆ. ಟಿಪ್ಪುಸುಲ್ತಾನನು ಜಾಫರಾಬಾದ್ ಎಂದು ಕರೆದನಾದರೂ ಆ ಹೆಸರು ಊರಿಗೆ ಅಂಟಲಿಲ್ಲ. ಈಗಿನ ಅರಮನೆ ಲಿಂಗರಾಜೇಂದ್ರನು 1812-14ರಲ್ಲಿ ಕಟ್ಟಿಸಿದುದು. ಅಂಗಳದಲ್ಲಿ ನಿಜವಾದ ಆನೆಗಳಷ್ಟೇ ದೊಡ್ಡ ಗಾರೆಯ ಆನೆಗಳೆರಡು ನಿಂತಿವೆ. ಮಕ್ಕಳಿಗೆ ಅರಮನೆಗಿಂತ ಅವೇ ಪ್ರಿಯ. ಅದೇ ದೊರೆ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇಗುಲಕ್ಕೆ ಗೋಪುರವಿಲ್ಲ, ಗುಮ್ಮಟವಿದೆ. ಮೊದಲ ನೋಟಕ್ಕೆ ಮಸೀದಿಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ.

1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಮಗಳು ಗೌರಮ್ಮನೊಡನೆ ಅವನು ಇಂಗ್ಲೆಂಡಿಗೆ ತೆರಳಿದನು. ಆ ಬಾಲೆಗೆ ಕ್ರೈಸ್ತದೀಕ್ಷೆಯಾದಾಗ ಧರ್ಮಮಾತೆಯಾದವಳು ಸ್ವಯಂ ವಿಕ್ಟೋರಿಯಾ ರಾಣಿ. ತಂದೆ 1859ರಲ್ಲಿ ಲಂಡನ್ನಿನಲ್ಲಿಯೇ ಮಡಿದನು; ಮಡಿಕೇರಿಯನ್ನು ಮತ್ತೆ ಕಾಣಲಿಲ್ಲ. ಈ ಕಥೆಯನ್ನೇ ಮಾಸ್ತಿಯವರು ಕಾದಂಬರಿಯಾಗಿಸಿದುದು 1956ರಲ್ಲಿ. ವಿಚಿತ್ರವೆಂದರೆ ಅದೇ ವರ್ಷ ನವೆಂಬರ್ 1ರಂದು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದ, 24 ಶಾಸಕರ ಪುಟ್ಟ ಕೊಡಗು ರಾಜ್ಯವು ಮೈಸೂರಿನಲ್ಲಿ ವಿಲೀನವಾಗಿ ಮಡಿಕೇರಿ ಜಿಲ್ಲಾಕೇಂದ್ರವಾಯಿತು. ನಾವು ಹಿಗ್ಗಿದ ಆ ದಿನ ಅಲ್ಲಿನ ಹಲವರಿಗೆ ಕಳೆದುಕೊಂಡ ದಿನವೂ ಆಗಿತ್ತೆಂಬುದನ್ನು ಅತಿಥಿಗಳಾಗಿ ಹೋಗುವ ನಾವು ಮರೆಯಬಾರದು.

ಮಳೆಗಾಲದಲ್ಲಿ ಹೋಗುವುದು ಬೇಡ. 2018ರ ಆಗಸ್ಟ್‌ನಲ್ಲಿ ಸುತ್ತಲಿನ ಬೆಟ್ಟಗಳು ಕುಸಿದು ಮನೆಗಳೂ ಜೀವಗಳೂ ಮಣ್ಣುಪಾಲಾದವು. ಹೋಗುವುದಾದರೆ ವಿಜಯದಶಮಿಯಂದು ಹೋಗಬೇಕು. ನಮ್ಮ ಜಂಬೂಸವಾರಿಯನ್ನು ನೋಡಿಕೊಂಡು ಹೊರಟವರಿಗೂ ತಡವಾಗುವುದಿಲ್ಲ: ಅಲ್ಲಿ ಹತ್ತು ದೇವಾಲಯಗಳ ಮಂಟಪಗಳು ಬೆಳಗಾಗುವವರೆಗೂ ಬೀದಿಗಳಲ್ಲಿ ಸಾಗುತ್ತಿರುತ್ತವೆ.