ಅನೇಕ ಭಂಡಾರಗಳ ತಂತ್ರಾಂಶದಲ್ಲಿ ಆವೃತ್ತಿಗಳ ಹೊಂದಾಣಿಕೆ

ಗ್ರಂಥದ ಮುದ್ರಣಗಳಿಗೆ ಸಂಖ್ಯೆಯಿರುವಂತೆ ತಂತ್ರಾಂಶದ ಆವೃತ್ತಿಗಳಿಗೂ ಸಂಖ್ಯೆಯುಂಟು. ಆದರೆ ತಂತ್ರಾಂಶವು ಗ್ರಂಥದಂತೆ ಸ್ವತಂತ್ರವಾದುದಲ್ಲ. ಅನ್ಯರು ಬರೆದ ಹತ್ತಾರು ತಂತ್ರಾಂಶಗಳನ್ನು ಆಶ್ರಯಿಸಿ ನಡೆಯತಕ್ಕದ್ದು. ಆಶ್ರಯವು ಬದಲಾದರೆ ಆಶ್ರಿತವು ಕೆಡುವ ಸಂಭವವುಂಟು. ಒಂದೇ ಕಾರ್ಯದ ಕೋಡ್ ಹಲವು ಭಂಡಾರಗಳಲ್ಲಿ ಹಂಚಿಹೋಗಿ ಹಲವು ತಂಡಗಳ ಕೈಯಲ್ಲಿ ಬೆಳೆಯುತ್ತಿರುವಾಗ, ಯಾವ ಆವೃತ್ತಿಯೊಡನೆ ಯಾವುದು ಹೊಂದುವುದೆಂಬ ಪ್ರಶ್ನೆಯು ಬಹು ತೊಡಕಿನದಾಗುತ್ತದೆ.

ಉತ್ತರವನ್ನು ಸಂಖ್ಯೆಯಲ್ಲಿಯೇ ಅಡಗಿಸಿಡುವ ಯತ್ನವೊಂದುಂಟು. ಟಾಮ್ ಪ್ರೆಸ್ಟನ್-ವರ್ನರ್ ಎಂಬವರು ರೂಪಿಸಿದ ‘ಸೆಮ್ಯಾಂಟಿಕ್ ವರ್ಷನಿಂಗ್’ ನಿಯಮದ 2.0.0 ಆವೃತ್ತಿಯು 2013ರಲ್ಲಿ ಹೊರಬಂದಿತು. ಅದರಂತೆ 2.4.1 ಎಂಬಲ್ಲಿ ಕಡೆಯ ಅಂಕೆಯು ದೋಷಪರಿಹಾರವನ್ನೂ, ನಡುವಣದು ಹಳೆಯದಕ್ಕೆ ಬಾಧೆ ತಾರದ ಹೊಸ ಸೌಕರ್ಯವನ್ನೂ, ಮೊದಲನೆಯದು ಹಳೆಯದರೊಡನೆ ಹೊಂದದ ಮಾರ್ಪಾಟನ್ನೂ ಸೂಚಿಸುತ್ತವೆ. ನಿಯಮವು ಸೊಗಸಾದುದೇ, ಆದರೆ ಸಂಖ್ಯೆಯು ಬರೆದವನ ಭರವಸೆಯೇ ಹೊರತು ಪ್ರಮಾಣವಲ್ಲ. ತನ್ನ ತಿದ್ದುಪಡಿಯು ಯಾರಿಗೂ ಬಾಧಕವಲ್ಲವೆಂದು ಅವನು ನಂಬಿದ ಮಾತ್ರಕ್ಕೆ ಅದು ನಿರ್ಬಾಧಕವಾಗದು.

ಭರವಸೆಯನ್ನು ಬಿಟ್ಟು ಪರೀಕ್ಷೆಯನ್ನು ಹಿಡಿದ ಉದಾಹರಣೆ ಓಪನ್‌ಸ್ಟ್ಯಾಕ್. ದೊಡ್ಡ ಗಣಕಕೇಂದ್ರಗಳ ಯಂತ್ರಶಕ್ತಿಯನ್ನು ಬಳಕೆದಾರರಿಗೆ ಹಂಚಿಕೊಡುವ ಈ ತಂತ್ರಾಂಶಸಮೂಹವನ್ನು ಅಮೆರಿಕದ ನಾಸಾ ಸಂಸ್ಥೆಯೂ ರ್‍ಯಾಕ್‌ಸ್ಪೇಸ್ ಕಂಪನಿಯೂ ಕೂಡಿ 2010ರಲ್ಲಿ ಆರಂಭಿಸಿದುವು. ಗಣನೆಗೆ ನೋವಾ, ಜಾಲಕ್ಕೆ ನ್ಯೂಟ್ರಾನ್, ಸಂಗ್ರಹಕ್ಕೆ ಸ್ವಿಫ್ಟ್. ಒಂದೊಂದಕ್ಕೂ ಪ್ರತ್ಯೇಕ ಭಂಡಾರ. ಇವುಗಳಲ್ಲಿ ಬಹುಭಾಗವು ಪೈಥಾನ್ ಭಾಷೆಯಲ್ಲಿದೆ. ಪೈಥಾನಿನ ಒಂದು ಆವರಣದಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿಯು ನೆಲಸಬಲ್ಲುದು. ನೋವಾ ಒಂದು ಲೈಬ್ರರಿಯ ಹೊಸ ಆವೃತ್ತಿಯನ್ನೂ ನ್ಯೂಟ್ರಾನ್ ಹಳೆಯದನ್ನೂ ಬೇಡುವುವೆಂದಾದರೆ ಎರಡೂ ಒಂದೇ ಆವರಣದಲ್ಲಿ ಬಾಳಲಾರವು.

ಆದಕಾರಣ ‘ರಿಕ್ವೈರ್‌ಮೆಂಟ್ಸ್’ ಎಂಬ ಬೇರೊಂದು ಭಂಡಾರದಲ್ಲಿ ಎರಡು ಪಟ್ಟಿಗಳನ್ನಿಟ್ಟಿರುತ್ತಾರೆ. ಬಳಸಬಹುದಾದ ಲೈಬ್ರರಿಗಳಾವುವು, ದೋಷವುಳ್ಳದ್ದೆಂದು ವರ್ಜಿಸಿದ ಆವೃತ್ತಿಗಳಾವುವು ಎಂಬುದು ಮೊದಲನೆಯದರಲ್ಲಿದೆ. ‘ಅಪ್ಪರ್ ಕನ್‌ಸ್ಟ್ರೇಂಟ್ಸ್’ ಎಂಬ ಎರಡನೆಯದರಲ್ಲಿ ಒಂದೊಂದು ಲೈಬ್ರರಿಗೂ ನಿಷ್ಕೃಷ್ಟವಾದ ಸಂಖ್ಯೆಯುಂಟು. ಹೊಸ ಆವೃತ್ತಿ ಹೊರಟಾಗ ಸ್ವಯಂಚಾಲಿತವಾದ ಒಂದು ಕ್ರಮವಿಧಿಯು ಆ ಸಂಖ್ಯೆಯನ್ನು ತಿದ್ದಲು ಸೂಚಿಸುತ್ತದೆ. ಅದನ್ನು ಆಶ್ರಯಿಸಿದ ಪ್ರಮುಖ ಭಾಗಗಳ ಪರೀಕ್ಷೆ ನಡೆಯುತ್ತದೆ. ತೇರ್ಗಡೆಯಾಗದಿದ್ದರೆ ಹಳೆಯ ಸಂಖ್ಯೆಯೇ ನಿಲ್ಲುತ್ತದೆ. ಪಾಠಪರಿಷ್ಕರಣದಲ್ಲಿ ಪಳಗಿದವರಿಗೆ ಇದು ಅಪರಿಚಿತವಾಗಿ ತೋರದು, ಇಲ್ಲಿ ಪಾಠವನ್ನು ಓದಿಯಲ್ಲ, ಓಡಿಸಿ ಆರಿಸುವರೆಂಬುದೊಂದೇ ಭೇದ. ಈ ವ್ಯವಸ್ಥೆಗೆ ಬೆಲೆಯೂ ಇಲ್ಲದಿಲ್ಲ: ಒಬ್ಬರಿಗೆ ತುರ್ತಾಗಿ ಬೇಕಾದ ಹೊಸತು, ಹಿಂದುಳಿದವರು ಸಿದ್ಧರಾಗುವ ತನಕ ಕಾಯಬೇಕಾಗುತ್ತದೆ.

ಎರಡು ಭಂಡಾರಗಳಲ್ಲಿ ಕೂಡಿಯೇ ತಿದ್ದಬೇಕಾದಾಗ ಒಂದರ ಟಿಪ್ಪಣಿಯಲ್ಲಿ ‘ಇದು ಅದನ್ನು ಅವಲಂಬಿಸಿದೆ’ ಎಂದು ಬರೆಯುತ್ತಾರೆ. ‘ಜೂಲ್’ ಎಂಬ ತಂತ್ರಾಂಶವು ಆಗ ಅವೆರಡನ್ನೂ ಜೊತೆಗೂಡಿಸಿ ಪರೀಕ್ಷಿಸುತ್ತದೆ. ಅವಲಂಬಿತವಾದುದು ಒಪ್ಪಿಗೆ ಪಡೆಯದೆ ಅವಲಂಬಿಸಿದುದು ಒಳಸೇರದು.

ಆರು ತಿಂಗಳಿಗೊಮ್ಮೆ ಬಿಡುಗಡೆ. ಆಗ ಅಂದಿನ ಪಟ್ಟಿಯ ಒಂದು ಶಾಖೆಯನ್ನು ತೆಗೆದಿರಿಸುತ್ತಾರೆ. ಆ ಬಿಡುಗಡೆಯನ್ನೇ ಮುಂದೆಯೂ ಬಳಸುವವರಿಗೆ ಆ ಶಾಖೆಯೇ ಆಧಾರ. ಬಹುಮಟ್ಟಿಗೆ ಸಮೂಹದ ಸ್ವಂತ ಲೈಬ್ರರಿಗಳ ದೋಷಪರಿಹಾರಕ್ಕೆ ಮಾತ್ರವೇ ಅದರಲ್ಲಿ ಎಡೆಯುಂಟು.