ಖೆಡ್ಡಾದಿಂದ ಮಸಾಯಿ ಮಾರಾವರೆಗೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಬಸ್ಸು ಪುಣಜನೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಆನೆ ಕಂಡರೆ ಅದಕ್ಕೆ ಬೇರೆ ಟಿಕೆಟ್ ಇಲ್ಲ. ಕಬ್ಬಿನ ಲಾರಿಗೆ ಅಡ್ಡ ನಿಂತು, ಸೊಂಡಿಲು ಚಾಚಿ ಜಲ್ಲೆ ಎಳೆದು, ರಸ್ತೆಯಲ್ಲೇ ಮುರಿದು ತಿನ್ನುವ ಆನೆಗಳು ಆ ದಾರಿಯ ಚಾಲಕರಿಗೆಲ್ಲ ಪರಿಚಿತ.

ಆನೆಗೂ ಹಣಕ್ಕೂ ಈ ಸೀಮೆಯಲ್ಲಿ ನಂಟು ಹಳೆಯದು. ಮೈಸೂರು ಸರ್ಕಾರದ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ 1873ರ ಹೊತ್ತಿಗೆ ಆನೆ ಹಿಡಿಯಲು ಹಣ ಕೇಳಿದ. ಹೈದರಾಲಿ ಪ್ರಯತ್ನಿಸಿ ಕೈಬಿಟ್ಟಿದ್ದ ಕೆಲಸ ಅದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಆನೆಗಳು ಬೆಳೆ ತುಳಿಯುತ್ತಿದ್ದವು, ಆದರೂ ಅವನು ಗೆಲ್ಲುತ್ತಾನೆಂದು ನಂಬುವವರು ಕಡಿಮೆ ಇದ್ದರು. 1874ರಲ್ಲಿ ಚಾಮರಾಜನಗರದ ಬಳಿ ಹೊನ್ನುಹೊಳೆಯ ಆಸುಪಾಸಿನಲ್ಲಿ ಹಳ್ಳಿಗರು ಹಿಂಡನ್ನು ಸುತ್ತುವರಿದರು. ರಾತ್ರಿಯಿಡೀ ಬೆಂಕಿ ಉರಿಸಿ ಕಾದರು, ಕಂದಕ ತೋಡಿದರು. 50ಕ್ಕೂ ಹೆಚ್ಚು ಆನೆಗಳು ಖೆಡ್ಡಾ ಎಂಬ ಈ ಆನೆ ಹಿಡಿಯುವ ಆವರಣದಲ್ಲಿ ಸಿಕ್ಕಿಬಿದ್ದವು. ಮಾರಿ ಬಂದ ಹಣ ಖರ್ಚನ್ನೂ ಮೀರಿತು. ಸೆರೆಯಾದ ಆನೆಗಳು ತೆತ್ತ ಬೆಲೆ ಯಾವ ಖಾತೆಗೂ ಏರಲಿಲ್ಲ ಎಂಬುದು ನೋವಿನ ಮಾತು.

ಮುಂದೆ ಖೆಡ್ಡಾ ರಾಜ ಅತಿಥಿಗಳ ನೋಟವಾಯಿತು. ಖೆಡ್ಡಾ ನಿಂತ ಮೇಲೆ, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಕಾಡಿನ ನೆಲೆ ಕಳೆದುಕೊಂಡರು, ಅವರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಪ್ರವಾಸಿಗರಿಗೆ ಮಾತ್ರ ಜೀಪು, ವ್ಯಾನು ಬಂದವು.

ಈಗ ಅನೇಕ ಕನ್ನಡ ಕುಟುಂಬಗಳು ಆಫ್ರಿಕಾದ ಸಫಾರಿಗಾಗಿ ಹಣ ಉಳಿಸುತ್ತಿವೆ. ಅಲ್ಲಿನ ಲೆಕ್ಕವೇ ಬೇರೆ. ಬಂಡೀಪುರದ ವ್ಯಾನ್ ಸಫಾರಿ ಟಿಕೆಟ್‌ನಲ್ಲಿ ವಾಹನ, ಚಾಲಕ ಎಲ್ಲ ಸೇರಿರುತ್ತವೆ. ಕೆನ್ಯಾದ ಮಸಾಯಿ ಮಾರಾದಲ್ಲಿ ಪ್ರವೇಶ ಶುಲ್ಕವೇ ಪ್ರತ್ಯೇಕ, ಅದೂ ದಿನದ ಲೆಕ್ಕದಲ್ಲಿ. 2024ರಲ್ಲಿ ಜಾರಿಯಾದ ದರದಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ತಲೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟುವ ದಿನಗಳಲ್ಲಿ ದಂಪತಿ ಮೂರು ದಿನ ತಿರುಗಿದರೆ 1200 ಡಾಲರ್, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ, ಬರೀ ಗೇಟಿಗೇ ಹೋಗುತ್ತದೆ. ವಿಮಾನ, ವಸತಿ, ಲ್ಯಾಂಡ್ ಕ್ರೂಸರ್ ಬಾಡಿಗೆ ಬೇರೆ. ಆರು ಜನ ಒಟ್ಟಾದರೆ ವಾಹನದ ಹೊರೆ ಹಂಚಿಹೋಗುತ್ತದೆ, ಗೇಟಿನ ಹೊರೆ ಮಾತ್ರ ಹಂಚಿಕೆಯಾಗದು.

ಹಣ ಕೂಡಿಸುವವರು ಮೊದಲು ತಿಂಗಳು ನಿರ್ಧರಿಸಲಿ, ಆಮೇಲೆ ವಿಮಾನ ಟಿಕೆಟ್ ನೋಡಲಿ. ಸಿಂಹ, ಆನೆ, ಜಿರಾಫೆ ವರ್ಷವಿಡೀ ಅಲ್ಲೇ ಇರುತ್ತವೆ, ನದಿ ದಾಟುವ ನೋಟವೊಂದೇ ಬೇಕೆಂಬ ಹಟವಿಲ್ಲದಿದ್ದರೆ ಫೆಬ್ರುವರಿಯಲ್ಲಿ ಅರ್ಧ ಶುಲ್ಕಕ್ಕೆ ನೋಡಬಹುದು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಮರಳಿದರೆ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ.